ಕೊಡಗಿನ ಮನೆಯಂಗಳದಲ್ಲಿ ಹಿಮಾಲಯದ ಹಾರ್ಸ್ ಚೆಸ್ಟ್‌ನಟ್: ಬೀಜದಿಂದ ಸಸಿಯವರೆಗೆ ಸಮಗ್ರ ಮಾರ್ಗದರ್ಶಿ

ತುಲಾ ಸಂಕ್ರಮಣ ಕಳೆದು ಪುತ್ತರಿ ಬರುವುದರೊಳಗೆ ಪ್ರತಿವರ್ಷ ಒಂದೇ ಪ್ರಶ್ನೆ ನನ್ನ ಬಳಿಗೆ ಬರುತ್ತದೆ. ಸೇನೆಯಲ್ಲಿರುವ ಮಗನೋ ಅಳಿಯನೋ ಡೆಹ್ರಾಡೂನ್, ಶಿಮ್ಲಾ ಅಥವಾ ಶ್ರೀನಗರದ ಕಡೆಯಿಂದ ರಜೆಗೆ ಬರುವಾಗ ಹೊಳೆಯುವ ಕಂದು ಬಣ್ಣದ ದಪ್ಪ ಬೀಜಗಳನ್ನು ಚೀಲದಲ್ಲಿ ತಂದಿರುತ್ತಾನೆ. ಮನೆಯವರು ಅವನ್ನು ಆಸೆಯಿಂದ ಮಣ್ಣಿಗೆ ಹಾಕುತ್ತಾರೆ. ಮೂರು ತಿಂಗಳು ನೀರೆರೆದರೂ ಏನೂ ಮೇಲೆ ಬರುವುದಿಲ್ಲ. ಬಿತ್ತುವ ಮೊದಲು ಬೀಜವನ್ನು ಹೇಗೆ ಇಟ್ಟಿದ್ದಿರಿ ಎಂದು ಕೇಳಿದರೆ ಹೆಚ್ಚಿನವರ ಉತ್ತರವೂ ಒಂದೇ: ಚೆನ್ನಾಗಿ ಒಣಗಿಸಿ ಡಬ್ಬಿಯಲ್ಲಿ ಇಟ್ಟಿದ್ದೆವು. ಆ ಬೀಜ ಸತ್ತದ್ದು ಮಣ್ಣಿನಲ್ಲಿ ಅಲ್ಲ, ಆ ಡಬ್ಬಿಯಲ್ಲಿ.

ಭತ್ತ, ಕಾಫಿ, ಕಾಳುಮೆಣಸು ಎಲ್ಲವನ್ನೂ ಕಣದಲ್ಲಿ ಹರಡಿ ಕಾಪಾಡಿದ ಕೈಗಳಿಗೆ ಬೀಜವೆಂದರೆ ಒಣಗಿಸಬೇಕು ಎಂಬುದು ರೂಢಿಯಾಗಿಬಿಟ್ಟಿದೆ. ಹಾರ್ಸ್ ಚೆಸ್ಟ್‌ನಟ್ ಆ ಜಾತಿಗೆ ಸೇರಿದ ಬೀಜವಲ್ಲ. ಇದನ್ನು ನಮ್ಮ ಹಲಸಿನ ಬೀಜದೊಂದಿಗೆ ಹೋಲಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಮರದಿಂದ ಉದುರುವಾಗ ಇದರ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. ಆ ನೀರು ಕಡಿಮೆಯಾದ ಹಾಗೆ ಒಳಗಿನ ಜೀವವೂ ಕಡಿಮೆಯಾಗುತ್ತದೆ, ಮತ್ತು ಒಂದು ಮಿತಿಯನ್ನು ದಾಟಿದ ಮೇಲೆ ಎಷ್ಟು ನೆನೆಸಿದರೂ ಅದು ಮರಳುವುದಿಲ್ಲ. ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳು 1990ರ ದಶಕದಲ್ಲಿ ಈ ಕುಲದ ಯುರೋಪಿನ ಮರದ ಬೀಜಗಳನ್ನು ವಿವರವಾಗಿ ಅಭ್ಯಾಸ ಮಾಡಿ, ಒಣಗುವಿಕೆ ಮತ್ತು ತಂಪು ಎಂಬ ಎರಡು ಸಂಗತಿಗಳು ಮೊಳಕೆಯನ್ನು ಹೇಗೆ ನಿರ್ಧರಿಸುತ್ತವೆ ಎಂಬುದನ್ನು ತೋರಿಸಿಕೊಟ್ಟರು. ಕೆಳಗಿನ ಹಂತಗಳ ಕ್ರಮ ನಿಂತಿರುವುದು ಆ ತಿಳಿವಳಿಕೆಯ ಮೇಲೆ. ಆದ್ದರಿಂದ ಹಂತಗಳನ್ನು ಹಿಂದುಮುಂದು ಮಾಡಬಾರದು.

## ಬೇಕಾದ ಸಲಕರಣೆಗಳು

ಬೀಜ ಮನೆಗೆ ಬರುವ ಮೊದಲೇ ಇವೆಲ್ಲ ಕೈಗೆಟುಕುವಂತೆ ಇರಲಿ. ಬೀಜ ಬಂದ ಮೇಲೆ ಹುಡುಕಾಡಲು ಹೊರಟರೆ ಒಂದು ವಾರ ಕಳೆಯುತ್ತದೆ, ಆ ಒಂದು ವಾರವೇ ಹಾನಿಯ ವಾರ.

- ತೊಳೆದ ಹೊಳೆಮರಳು ಅಥವಾ ತೆಂಗಿನ ನಾರಿನ ಹುಡಿ, ಎರಡು ಸೇರಿನಷ್ಟು
- ದಪ್ಪ ಪಾಲಿಥಿನ್ ಚೀಲಗಳು, ಅಥವಾ ಮುಚ್ಚಳದಲ್ಲಿ ಸಣ್ಣ ತೂತುಗಳಿರುವ ಪ್ಲಾಸ್ಟಿಕ್ ಡಬ್ಬಿ
- ಫ್ರಿಜ್ಜಿನ ತರಕಾರಿ ಇಡುವ ಕೆಳಗಿನ ಖಾನೆಯಲ್ಲಿ ಒಂದಿಷ್ಟು ಜಾಗ
- ಕನಿಷ್ಠ 30 ಸೆಂಟಿಮೀಟರ್ ಆಳದ ನರ್ಸರಿ ಚೀಲಗಳು, ಅಥವಾ ನಾಲ್ಕು ಇಂಚಿನ ಪಿವಿಸಿ ಪೈಪಿನ ತುಂಡುಗಳು
- ಹರಿತವಾದ ಚಾಕು, ಬಕೆಟ್, ದಿನಾಂಕ ಬರೆಯಲು ಚೀಟಿಗಳು
- ಇಲಿ, ಅಳಿಲು ತಡೆಯಲು ಸಣ್ಣ ಕಣ್ಣಿನ ತಂತಿ ಬಲೆ
- ಟ್ರೈಕೋಡರ್ಮ (ಬೇರು ಕೊಳೆಸುವ ರೋಗಾಣುಗಳನ್ನು ತಡೆಯುವ ಶಿಲೀಂಧ್ರ) ಸೇರಿಸಿ ಕಳಿಸಿದ ಗೊಬ್ಬರ

ಆಳವಾದ ಚೀಲದ ವಿಷಯದಲ್ಲಿ ರಾಜಿ ಬೇಡ. ಕಾಫಿ ಸಸಿಗೆ ಬಳಸುವ 23 ಸೆಂಟಿಮೀಟರ್ ಉದ್ದದ ಚೀಲ ಪ್ರತಿ ತೋಟದ ಮನೆಯಲ್ಲೂ ಇರುತ್ತದೆ, ಹಾಗಾಗಿ ಎಲ್ಲರೂ ಅದನ್ನೇ ಬಳಸುತ್ತಾರೆ. ಈ ಮರದ ತಾಯಿಬೇರು ಚಿಗುರಿಗಿಂತ ಮೊದಲೇ ಆಳಕ್ಕೆ ಓಡುವುದರಿಂದ ಅಷ್ಟು ಗಿಡ್ಡ ಚೀಲದ ತಳದಲ್ಲಿ ಬೇರು ಸುರುಳಿ ಸುತ್ತಿಕೊಳ್ಳುತ್ತದೆ. ಸುರುಳಿ ಬಿದ್ದ ತಾಯಿಬೇರಿನ ಕಾಫಿ ಗಿಡದ ಗತಿ ಏನಾಗುತ್ತದೆ ಎಂದು ಬೆಳೆಗಾರರಿಗೆ ನಾನು ಹೇಳಬೇಕಾಗಿಲ್ಲ.

## ಹಂತ 1: ಕೈಯಲ್ಲಿರುವ ಬೀಜ ಯಾವುದು ಎಂದು ಗುರುತಿಸುವುದು

‘ಚೆಸ್ಟ್‌ನಟ್’ ಎಂಬ ಹೆಸರು ಎರಡು ಸಂಬಂಧವಿಲ್ಲದ ಮರಗಳಿಗಿದೆ. ತಿನ್ನುವ ಸಿಹಿ ಚೆಸ್ಟ್‌ನಟ್ ಓಕ್ ಮರದ ಬಳಗದ್ದು. ಅದರ ಕಾಯಿಯ ಸಿಪ್ಪೆಯ ತುಂಬ ಸೂಜಿಯಂಥ ಒತ್ತಾದ ಮುಳ್ಳುಗಳಿರುತ್ತವೆ, ಒಳಗಿನ ಬೀಜದ ಒಂದು ತುದಿ ಚೂಪಾಗಿರುತ್ತದೆ. ಹಾರ್ಸ್ ಚೆಸ್ಟ್‌ನಟ್ ಅಂಟುವಾಳದ ಬಳಗದ್ದು. ಅದರ ಬೀಜ ಗುಂಡಾಗಿ, ಚೂಪು ತುದಿಯಿಲ್ಲದೆ, ಒಂದು ಬದಿಯಲ್ಲಿ ಅಗಲವಾದ ಮಸುಕು ಮಚ್ಚೆಯನ್ನು ಹೊತ್ತಿರುತ್ತದೆ. ಮೊದಲನೆಯದು ಆಹಾರ, ಎರಡನೆಯದು ಹಸಿಯಾಗಿ ತಿಂದರೆ ವಿಷ. ಇಲ್ಲಿ ತಪ್ಪಿದರೆ ನಷ್ಟವಾಗುವುದು ಸಸಿ ಮಾತ್ರವಲ್ಲ.

ಹಾರ್ಸ್ ಚೆಸ್ಟ್‌ನಟ್ಟಿನಲ್ಲೂ ಹಲವು ಜಾತಿಗಳಿವೆ. ಯುರೋಪಿನ ಉದ್ಯಾನಗಳಲ್ಲಿರುವ ಈಸ್ಕ್ಯುಲಸ್ ಹಿಪ್ಪೊಕ್ಯಾಸ್ಟಾನಮ್ ಬಾಲ್ಕನ್ ಬೆಟ್ಟಗಳ ಮರ, ಅದರ ಕಾಯಿಯ ಸಿಪ್ಪೆಯ ಮೇಲೆ ಅಲ್ಲಲ್ಲಿ ಮುಳ್ಳುಗಳಿರುತ್ತವೆ. ಹಿಮಾಲಯದ್ದು ಈಸ್ಕ್ಯುಲಸ್ ಇಂಡಿಕಾ. ಪಶ್ಚಿಮ ಹಿಮಾಲಯದಲ್ಲಿ ಇದಕ್ಕೆ ಬನಖೋರ್, ಖಾನೋರ್, ಪಾಂಗರ್ ಎಂದೆಲ್ಲ ಹೆಸರುಗಳಿವೆ. ಕಾಯಿಯ ಸಿಪ್ಪೆ ಒರಟಾಗಿದ್ದರೂ ಮುಳ್ಳಿರುವುದಿಲ್ಲ, ಎಲೆ ಅಂಗೈಯಂತೆ ಹರಡಿಕೊಂಡು ಸಾಮಾನ್ಯವಾಗಿ ಏಳು ಎಲೆತುಣುಕುಗಳನ್ನು ಹೊಂದಿರುತ್ತದೆ, ಪ್ರತಿ ತುಣುಕಿಗೂ ಪುಟ್ಟ ತೊಟ್ಟಿರುತ್ತದೆ. ಈ ಮಾರ್ಗದರ್ಶಿ ಬನಖೋರಿಗೆ ಮಾತ್ರ.

ವಿದೇಶದಿಂದ ಬೀಜ ತರುವ ಯೋಚನೆಯಿದ್ದರೆ ಕೈಬಿಡಿ. 2003ರ ಸಸ್ಯ ಸಂಪರ್ಕತಡೆ ಆದೇಶದಂತೆ ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬಿತ್ತನೆ ಬೀಜವನ್ನು ದೇಶದೊಳಗೆ ತರುವಂತಿಲ್ಲ. ಜೇನು ಸಾಕುವ ನಮ್ಮ ಜಿಲ್ಲೆಗೆ ಇನ್ನೊಂದು ಕಾರಣವೂ ಇದೆ: ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೆಳೆಯುವ ಈ ಕುಲದ ಒಂದು ಜಾತಿಯ ಮಕರಂದ ಮತ್ತು ಪರಾಗ ಜೇನುನೊಣಗಳಿಗೆ ವಿಷವಾಗುತ್ತದೆ. ಹಿಮಾಲಯದ ಬನಖೋರಿಗೆ ಆ ದೋಷವಿಲ್ಲ.

## ಹಂತ 2: ಆರಿಸುವುದು ಮತ್ತು ಊರಿಗೆ ತರುವುದು

ಬನಖೋರಿನ ಕಾಯಿ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಬಲಿತು ಬಿರಿಯುತ್ತದೆ. ಮರದಡಿಯಲ್ಲಿ ಅದೇ ದಿನ ಅಥವಾ ಹಿಂದಿನ ದಿನ ಬಿದ್ದ ಬೀಜವನ್ನೇ ಆರಿಸಬೇಕು. ಹೊಸ ಬೀಜದ ಹೊಳಪು ಎಣ್ಣೆ ಹಚ್ಚಿ ಒರೆಸಿದಂತೆ ಇರುತ್ತದೆ, ಒತ್ತಿದರೆ ಕಲ್ಲಿನಂತೆ ಗಟ್ಟಿ. ಹೊಳಪು ಮಾಸಿದ, ಸಿಪ್ಪೆ ಸುಕ್ಕುಗಟ್ಟಿದ, ಕಿವಿಯ ಬಳಿ ಅಲುಗಾಡಿಸಿದರೆ ಒಳಗಿನ ತಿರುಳು ಸದ್ದು ಮಾಡುವ ಬೀಜವನ್ನು ಅಲ್ಲೇ ಬಿಟ್ಟುಬಿಡಿ.

ಆರಿಸಿದ ತಕ್ಷಣ ಒದ್ದೆ ಬಟ್ಟೆಯಲ್ಲಿ ಸುತ್ತಿ, ಅದನ್ನು ಪಾಲಿಥಿನ್ ಚೀಲದಲ್ಲಿಟ್ಟು, ಚೀಲಕ್ಕೆ ನಾಲ್ಕೈದು ತೂತು ಮಾಡಬೇಕು. ಬಟ್ಟೆ ಹಿಂಡಿದರೆ ನೀರು ಇಳಿಯದಷ್ಟು ಮಾತ್ರ ಒದ್ದೆಯಾಗಿರಲಿ. ಮೂರು ದಿನದ ರೈಲು ಪ್ರಯಾಣದಲ್ಲಿ ಚೀಲವನ್ನು ಬೋಗಿಯ ಕಿಟಕಿಯ ಬಿಸಿಲಿಗೆ ಒಡ್ಡಬೇಡಿ. ಬೀಜ ಉಸಿರಾಡುತ್ತಿರುತ್ತದೆ, ಗಾಳಿಯಾಡದ ಬಿಸಿ ಚೀಲದಲ್ಲಿ ಅದು ಹುಳಿ ವಾಸನೆ ಹಿಡಿದು ಕೊಳೆಯುತ್ತದೆ. ನಾನು ಮೊದಲ ಸಲ ತರಿಸಿದ ಬೀಜಗಳು ಅಂಚೆ ಪೊಟ್ಟಣದಲ್ಲಿ ಬರೀ ಕಾಗದದ ನಡುವೆ ಹದಿನೈದು ದಿನ ಕಳೆದು ಬಂದಿದ್ದವು. ಕತ್ತರಿಸಿ ನೋಡಿದಾಗ ಒಂದರಲ್ಲೂ ಬಿಳಿ ತಿರುಳು ಉಳಿದಿರಲಿಲ್ಲ.

ಸಸಿಯನ್ನಾಗಲಿ, ಅಲ್ಲಿನ ಮಣ್ಣನ್ನಾಗಲಿ ತರಬೇಡಿ, ಬೀಜ ಮಾತ್ರ ಸಾಕು. ಯುರೋಪಿನಲ್ಲಿ ಈ ಶತಮಾನದ ಆರಂಭದಿಂದ ಹಾರ್ಸ್ ಚೆಸ್ಟ್‌ನಟ್ ಮರಗಳ ತೊಗಟೆ ಬಿರಿದು ತುಕ್ಕಿನ ಬಣ್ಣದ ರಸ ಸೋರುವ ರೋಗ ವ್ಯಾಪಕವಾಗಿ ಹರಡಿದೆ. ಅದಕ್ಕೆ ಕಾರಣವಾದ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದ ಬಗೆಯನ್ನು ಮೊದಲು ವಿವರಿಸಿದ್ದು ಭಾರತದ ವಿಜ್ಞಾನಿಗಳು, 1980ರಲ್ಲಿ, ಇದೇ ಬನಖೋರಿನ ಎಲೆಚುಕ್ಕೆಯಿಂದ. ತನ್ನ ನೆಲದಲ್ಲಿ ಎಲೆಚುಕ್ಕೆಯಷ್ಟೇ ಮಾಡುವ ಜೀವಿಯ ಬಂಧುವೊಂದು ಬೇರೆ ನೆಲದ ಬಂಧು ಮರಕ್ಕೆ ಮಾರಿಯಾಯಿತು. ಮಣ್ಣು ಮತ್ತು ಎಲೆಯಿರುವ ಸಸಿಯನ್ನು ಊರಿಂದೂರಿಗೆ ಸಾಗಿಸಬಾರದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಡ.

## ಹಂತ 3: ಜೀವವಿರುವ ಬೀಜವನ್ನು ಬೇರ್ಪಡಿಸುವುದು

ಮನೆಗೆ ಬಂದ ದಿನವೇ ಬಕೆಟ್ಟಿನಲ್ಲಿ ನೀರು ತುಂಬಿ ಬೀಜಗಳನ್ನು ಹಾಕಿ. ಮುಳುಗಿದವು ಬಹುಮಟ್ಟಿಗೆ ಒಳ್ಳೆಯವು. ತೇಲಿದವನ್ನು ಕೂಡಲೇ ಎಸೆಯಬೇಡಿ. ಪ್ರಯಾಣದಲ್ಲಿ ಸ್ವಲ್ಪವೇ ಒಣಗಿದ ಬೀಜ ಒಂದು ದಿನ ನೆನೆದ ಮೇಲೆ ಮುಳುಗುವುದುಂಟು. 24 ಗಂಟೆಯ ಬಳಿಕವೂ ತೇಲುತ್ತಿದ್ದರೆ ಅದನ್ನು ಬಿಡಬಹುದು. 24 ಗಂಟೆಗಿಂತ ಹೆಚ್ಚು ನೆನೆಸುವುದು ಬೇಡ, ನಿಂತ ನೀರಿನಲ್ಲಿ ಗಾಳಿಯಿಲ್ಲದೆ ಒಳ್ಳೆಯ ಬೀಜವೂ ಕೆಡುತ್ತದೆ.

ಹತ್ತು ಬೀಜಗಳಿದ್ದರೆ ಒಂದನ್ನು ಪರೀಕ್ಷೆಗೆಂದು ಕತ್ತರಿಸುವ ಧೈರ್ಯ ಮಾಡಬೇಕು. ತಿರುಳು ಕೆನೆಬಣ್ಣವಾಗಿ, ಗಟ್ಟಿಯಾಗಿ, ಚಾಕುವಿಗೆ ಹಸಿ ಆಲೂಗಡ್ಡೆಯಂತೆ ಸಿಕ್ಕಿದರೆ ಉಳಿದವುಗಳ ಮೇಲೆ ಭರವಸೆ ಇಡಬಹುದು. ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ್ದರೆ, ಪುಡಿಪುಡಿಯಾದರೆ, ಬೂಸಲು ವಾಸನೆ ಬಂದರೆ ಅದು ಸತ್ತ ಬೀಜ. ಸತ್ತ ಬೀಜಕ್ಕೆ ಮೂರು ತಿಂಗಳು ನೀರೆರೆಯುವ ಶ್ರಮವನ್ನು ಈ ಒಂದು ಕತ್ತರಿಕೆ ಉಳಿಸುತ್ತದೆ. ನೆನೆಸಿದ ನೀರು ನೊರೆಯೆದ್ದು ಕಂದಾಗಿರುತ್ತದೆ. ಅದರಲ್ಲಿ ಸಪೋನಿನ್ ಎಂಬ ನೊರೆ ಕೊಡುವ ವಸ್ತು ಇಳಿದಿರುವುದರಿಂದ ಆ ನೀರನ್ನು ದನ, ನಾಯಿ ಕುಡಿಯದಂತೆ ದೂರ ಚೆಲ್ಲಬೇಕು, ಮೀನಿರುವ ಕೆರೆಗೆ ಅಥವಾ ತೋಡಿಗೆ ಬಿಡಬಾರದು. ಸಪೋನಿನ್ ಮೀನಿನ ಕಿವಿರಿಗೆ ವಿಷ.

## ಹಂತ 4: ಫ್ರಿಜ್ಜಿನ ತಂಪು ನೀಡುವುದು

ಅತಿ ಹೆಚ್ಚು ಜನ ಬಿಟ್ಟುಬಿಡುವ ಹಂತ ಇದು. ಹಿಮಾಲಯದಲ್ಲಿ ಬೀಜ ಉದುರಿದ ಮೇಲೆ ಎಲೆಗೊಬ್ಬರದ ಅಡಿಯಲ್ಲಿ, ಒದ್ದೆಯಾದ ತಂಪಿನಲ್ಲಿ ಚಳಿಗಾಲ ಕಳೆಯುತ್ತದೆ. ಕೊಡಗಿನ ಚಳಿ ನಮಗೆ ಹಿತವಾದರೂ ಬೀಜಕ್ಕೆ ಸಾಲುವುದಿಲ್ಲ, ಮಡಿಕೇರಿಯಲ್ಲಿ ಜನವರಿಯ ನಸುಕಿನಲ್ಲೂ ಉಷ್ಣತೆ ಸಾಮಾನ್ಯವಾಗಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯದೆ ಹಗಲಿಗೆ ಮತ್ತೆ ಏರುತ್ತದೆ. ಕ್ಯೂ ವಿಜ್ಞಾನಿಗಳ ಅಧ್ಯಯನದಲ್ಲಿ ಕಂಡದ್ದು ಹೀಗೆ: ಬೀಜವನ್ನು ಹಸಿಯಾಗಿ ತಂಪಿನಲ್ಲಿಟ್ಟಷ್ಟು ದಿನ ಅದು ಮೊಳೆಯಲು ಬೇಕಾದ ಕನಿಷ್ಠ ಉಷ್ಣತೆ ಕ್ರಮೇಣ ಇಳಿಯುತ್ತ ಹೋಗುತ್ತದೆ. ತಂಪು ಕಾಣದ ಬೀಜ ಮಣ್ಣಿನಲ್ಲಿ ಸುಮ್ಮನೆ ಮಲಗಿರುತ್ತದೆ, ಮತ್ತು ಹಾಗೆ ಮಲಗಿರುವಾಗ ಬೂಸಲಿಗೋ ಇಲಿಗೋ ತುತ್ತಾಗುತ್ತದೆ.

ಮರಳು ಅಥವಾ ನಾರಿನ ಹುಡಿಯನ್ನು ಹದವಾಗಿ ಒದ್ದೆ ಮಾಡಿಕೊಳ್ಳಿ. ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಉಂಡೆಯಾಗಿ ನಿಲ್ಲಬೇಕು, ಬೆರಳ ಸಂದಿನಿಂದ ನೀರು ತೊಟ್ಟಿಕ್ಕಬಾರದು. ಡಬ್ಬಿಯಲ್ಲಿ ಒಂದು ಪದರ ಹುಡಿ, ಒಂದು ಪದರ ಬೀಜ ಎಂಬಂತೆ ಒಂದಕ್ಕೊಂದು ತಾಗದ ಹಾಗೆ ಜೋಡಿಸಿ, ಮೇಲೆ ಮತ್ತೆ ಹುಡಿ ಮುಚ್ಚಿ, ದಿನಾಂಕದ ಚೀಟಿ ಅಂಟಿಸಿ ತರಕಾರಿ ಖಾನೆಯಲ್ಲಿಡಿ. ಉಷ್ಣತೆ 4ರಿಂದ 6 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ಐಸ್ ಕಟ್ಟುವ ಮೇಲಿನ ಖಾನೆಗೆ ಖಂಡಿತ ಇಡಬಾರದು, ನೀರು ತುಂಬಿದ ಈ ಬೀಜ ಹೆಪ್ಪುಗಟ್ಟಿದರೆ ಸಾಯುತ್ತದೆ.

ಯುರೋಪಿನ ಜಾತಿಗೆ ಮೂರ್ನಾಲ್ಕು ತಿಂಗಳ ತಂಪು ಬೇಕು. ಬನಖೋರಿಗೆ ಅಷ್ಟು ಬೇಡ, ಫ್ರಿಜ್ಜಿನಲ್ಲೇ ಬೇರು ಇಣುಕುವುದೂ ಉಂಟು. ಹಾಗಾಗಿ ಕ್ಯಾಲೆಂಡರ್ ನೋಡುವ ಬದಲು ಬೀಜವನ್ನು ನೋಡಿ. ವಾರಕ್ಕೊಮ್ಮೆ ಡಬ್ಬಿ ತೆರೆದು ಐದು ನಿಮಿಷ ಗಾಳಿಯಾಡಲು ಬಿಡಿ; ಮೇಲ್ಮೈಯಲ್ಲಿ ಬಿಳಿ ಬೂಸಲು ಕಂಡ ಬೀಜವನ್ನು ಹೊರತೆಗೆದು ತೊಳೆದು, ಒತ್ತಿ ನೋಡಿ, ಗಟ್ಟಿಯಿದ್ದರೆ ಮರಳಿ ಇಡಿ, ಮೆತ್ತಗಾಗಿದ್ದರೆ ಎಸೆಯಿರಿ. ಮಚ್ಚೆಯ ಅಂಚಿನಿಂದ ಬಿಳಿಯ ಬೇರಿನ ತುದಿ ಅರ್ಧ ಬೆರಳಿನಷ್ಟು ಹೊರಬಂದ ಬೀಜವನ್ನು ಆ ದಿನವೇ ಬಿತ್ತಬೇಕು. ಬೇರು ಉದ್ದವಾಗಲು ಬಿಟ್ಟರೆ ಚೀಲಕ್ಕೆ ಇಳಿಸುವಾಗ ಮುರಿಯುತ್ತದೆ. ಪುತ್ತರಿಯ ಹೊತ್ತಿಗೆ ಡಬ್ಬಿಗೆ ಹೋದ ಬೀಜಗಳಲ್ಲಿ ಜನವರಿ ಮುಗಿಯುವವರೆಗೂ ಏನೂ ಕಾಣದಿದ್ದರೂ ಕೊನೆಗೆ ಹೊರತೆಗೆದು ಬಿತ್ತಿಬಿಡಿ, ಏಕೆಂದರೆ ಬೇಸಿಗೆಯ ಮೊದಲು ಬೇರು ಇಳಿಯಲು ಸಮಯ ಬೇಕು.

ಫ್ರಿಜ್ಜಿನಲ್ಲಿ ಬೀಜವಿರುವ ಡಬ್ಬಿಯ ಮೇಲೆ ‘ತಿನ್ನಬಾರದು’ ಎಂದು ದೊಡ್ಡದಾಗಿ ಬರೆಯುವುದನ್ನು ಮರೆಯಬೇಡಿ. ಮನೆಯಲ್ಲಿ ಮಕ್ಕಳಿದ್ದಾರೆ, ನೆಂಟರು ಬರುತ್ತಾರೆ, ಬೀಜ ನೋಡಲು ತಿನಿಸಿನಂತೆಯೇ ಇರುತ್ತದೆ.

## ಹಂತ 5: ಬಿತ್ತುವುದು

ಕಾಫಿ ನರ್ಸರಿಯಲ್ಲಿ ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಬೆರೆಸುವುದು ವಾಡಿಕೆ. ಇಲ್ಲಿ ಮರಳನ್ನು ಹೆಚ್ಚಿಸಿ: ಮೂರು ಪಾಲು ಮಣ್ಣು, ಎರಡು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ಹಸಿ ಸಗಣಿಯ ಬಿಸಿಗೆ ಮೊಳಕೆ ಸುಡುತ್ತದೆ. ಮೆಣಸಿನ ಬಳ್ಳಿಯ ಬುಡದಿಂದ ಅಥವಾ ಮೆಣಸಿನ ನರ್ಸರಿಯಿಂದ ಮಣ್ಣು ತೆಗೆಯಬೇಡಿ. ಮೆಣಸಿಗೆ ಶೀಘ್ರ ಸೊರಗು ರೋಗ ತರುವ ಫೈಟಾಫ್ತೊರ ಕುಲದ ಬೇರೆ ಜಾತಿಗಳು ಹಾರ್ಸ್ ಚೆಸ್ಟ್‌ನಟ್ಟಿನ ಬೇರು ಮತ್ತು ತೊಗಟೆಯನ್ನೂ ಕೊಳೆಸುತ್ತವೆ. ಒದ್ದೆಯಾದ ಮಣ್ಣು ಆ ಕುಲಕ್ಕೆ ತವರು.

ಬೀಜದ ಮಸುಕು ಮಚ್ಚೆ ಕೆಳಮುಖವಾಗಿ ಅಥವಾ ಪಕ್ಕಕ್ಕೆ ಬರುವಂತೆ ಇಡಬೇಕು. ಬೇರು ಹೊರಡುವುದು ಮಚ್ಚೆಯ ಅಂಚಿನಿಂದ. ಮಚ್ಚೆ ಮೇಲಿದ್ದರೆ ಬೇರು ಬೀಜವನ್ನು ಸುತ್ತಿ ಇಳಿಯಬೇಕಾಗಿ ಬುಡ ವಕ್ರವಾಗುತ್ತದೆ. ಬೇರು ಬಂದಿರುವ ಬೀಜಕ್ಕೆ ಕಡ್ಡಿಯಿಂದ ಗುಳಿ ಮಾಡಿ, ಬೇರನ್ನು ನೇರವಾಗಿ ಇಳಿಬಿಟ್ಟು, ಬೀಜದ ಮೇಲೆ ಮೂರರಿಂದ ಐದು ಸೆಂಟಿಮೀಟರ್ ಮಣ್ಣು ಮುಚ್ಚಿ. ಒಂದು ಚೀಲಕ್ಕೆ ಒಂದೇ ಬೀಜ.

ಚೀಲಗಳ ಸುತ್ತ ಮತ್ತು ಮೇಲೆ ತಂತಿ ಬಲೆ ಕಟ್ಟಬೇಕು. ಕಹಿಯೆಂದು ಇಲಿ ಮುಟ್ಟುವುದಿಲ್ಲ ಎಂಬ ನಂಬಿಕೆ ಬೇಡ. ಕಹಿಯೆಂದು ತಿಳಿಯಲು ಅದು ಒಮ್ಮೆ ಕಡಿದು ನೋಡುತ್ತದೆ, ಆ ಒಂದು ಕಡಿತವೇ ಮೊಳಕೆಗೆ ಸಾಕು.

## ಹಂತ 6: ಮೊಳಕೆಯಿಂದ ಮುಂಗಾರಿನವರೆಗೆ

ಹುರುಳಿಯಂತೆ ಎರಡು ಬೀಜದಳಗಳು ಮೇಲೆ ಎದ್ದು ಬರುವುದನ್ನು ಇಲ್ಲಿ ಕಾಯಬಾರದು. ಬನಖೋರಿನ ಬೀಜದಳಗಳು ಮಣ್ಣಿನೊಳಗೇ ಉಳಿದು ಅಲ್ಲಿಂದಲೇ ಆಹಾರ ಕೊಡುತ್ತವೆ, ಮೇಲೆ ಬರುವುದು ಕೆಂಪು ಛಾಯೆಯ ಒಂದು ಚಿಗುರು ಕಾಂಡ ಮತ್ತು ಅದರ ತುದಿಯಲ್ಲಿ ಮಡಿಸಿದ ಅಂಗೈಯಂಥ ಎಲೆಗಳು. ‘ಏನೂ ಬಂದಿಲ್ಲ’ ಎಂದು ಮಣ್ಣು ಕೆದಕಿ ಬೀಜವನ್ನು ಎತ್ತಿ ನೋಡುವುದರಿಂದ ಬೇರು ತುಂಡಾಗಿ ಹಲವರ ಸಸಿ ಹೋಗಿದೆ. ಚೀಲದ ತಳದ ತೂತಿನಲ್ಲಿ ಬಿಳಿ ಬೇರು ಕಂಡರೆ ಮೇಲೆ ಏನೂ ಕಾಣದಿದ್ದರೂ ಗಿಡ ಬದುಕಿದೆ ಎಂದೇ ಅರ್ಥ.

ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳು ಬರುವ ಜಾಗದಲ್ಲಿ ಚೀಲಗಳಿರಲಿ. ಮಾರ್ಚ್, ಏಪ್ರಿಲ್ ತಿಂಗಳ ಒಣಗಾಳಿಗೆ ಈ ಅಗಲವಾದ ಎಳೆ ಎಲೆಗಳ ಅಂಚು ಬೇಗ ಸುಡುತ್ತದೆ. ಹೂಮಳೆ ಬಿದ್ದಿತೆಂದು ನೀರು ನಿಲ್ಲಿಸಬೇಡಿ. ಕಾಫಿ ಹೂವಿಗೆ ಸಾಕಾಗುವ ಮಳೆ ಚೀಲದ ತಳದವರೆಗೆ ಇಳಿಯುವುದಿಲ್ಲ. ಬೆರಳನ್ನು ಎರಡು ಗೆಣ್ಣು ಆಳಕ್ಕೆ ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು ಕೊಡಿ. ಮೊದಲ ವರ್ಷ ರಾಸಾಯನಿಕ ಗೊಬ್ಬರದ ಅಗತ್ಯವಿಲ್ಲ, ಬೀಜದಳದಲ್ಲಿ ಬೇಕಾದಷ್ಟು ದಾಸ್ತಾನು ಇರುತ್ತದೆ.

## ಹಂತ 7: ಕೊಡಗಿನ ಮಳೆಗಾಲವನ್ನು ದಾಟಿಸುವುದು

ಒಣಗಿದ ಬೀಜದ ಬಳಿಕ ಅತಿ ಹೆಚ್ಚು ನಷ್ಟವಾಗುವುದು ಇಲ್ಲಿ. ಹಿಮಾಲಯದಲ್ಲೂ ಮಳೆಗಾಲವಿದೆ, ಮರಕ್ಕೆ ಮಳೆ ಹೊಸತಲ್ಲ. ಆದರೆ ಅಲ್ಲಿ ಅದು ಇಳಿಜಾರಿನ, ನೀರು ನಿಲ್ಲದ, ತೇವ ಹಿಡಿದೂ ಬಸಿದು ಹೋಗುವ ನೆಲದಲ್ಲಿ ಬೆಳೆಯುತ್ತದೆ. ಭಾಗಮಂಡಲ, ನಾಪೋಕ್ಲು ಕಡೆಯ ಕಕ್ಕಡದ (ಆಟಿ ತಿಂಗಳ) ಮಳೆಯಲ್ಲಿ ವಾರಗಟ್ಟಲೆ ಬಿಸಿಲೇ ಕಾಣದೆ ಚೀಲದ ಮಣ್ಣು ಕೆಸರಾಗಿ ನಿಂತರೆ ಎಳೆಬೇರಿಗೆ ಉಸಿರು ಸಿಗುವುದಿಲ್ಲ.

ಜೂನ್ ಮೊದಲ ವಾರದೊಳಗೆ ಚೀಲಗಳನ್ನು ಇಟ್ಟಿಗೆ ಅಥವಾ ಬಿದಿರಿನ ತಟ್ಟಿಯ ಮೇಲೆ ನೆಲದಿಂದ ಒಂದು ಗೇಣು ಎತ್ತರಕ್ಕೆ ಏರಿಸಿ, ಬೆಳಕು ಬರುವ ಪಾಲಿಥಿನ್ ಹಾಳೆಯ ಮಾಡಿನ ಅಡಿಯಲ್ಲಿ ಇಡಬೇಕು. ಮಾಡು ಮೇಲಿರಲಿ, ಬದಿಗಳು ತೆರೆದಿರಲಿ. ಗಾಳಿಯಾಡದಿದ್ದರೆ ಮಳೆಯಿಂದ ಉಳಿದ ಗಿಡ ಬೂಸಲಿನಿಂದ ಹೋಗುತ್ತದೆ. ಮನೆಯ ಸೂರಿನ ಹನಿ ನೇರವಾಗಿ ಬೀಳುವ ಜಾಗದಲ್ಲಿ ಇಡುವ ತಪ್ಪನ್ನು ಮಾಡಬೇಡಿ. ಚುಕ್ಕೆ ಬಿದ್ದ ಎಲೆಗಳನ್ನು ಆಗಾಗ ಕಿತ್ತು ದೂರ ಹೂಳಬೇಕು, ಗಿಡದ ಬುಡದಲ್ಲಿ ಬಿಡಬಾರದು.

## ಹಂತ 8: ನೆಲಕ್ಕೆ ನೆಡುವುದು

ಜಾಗದ ಆಯ್ಕೆಯನ್ನು ಎತ್ತರ ನಿರ್ಧರಿಸಲಿ. ಬನಖೋರ್ ತನ್ನ ನೆಲೆಯಲ್ಲಿ ಸುಮಾರು 1,000ದಿಂದ 3,000 ಮೀಟರ್ ಎತ್ತರದ ನಡುವೆ, ಹೆಚ್ಚಾಗಿ ನೆರಳಿನ, ತೇವದ ಕಣಿವೆಗಳಲ್ಲಿ ಬೆಳೆಯುತ್ತದೆ. 1,100 ಮೀಟರಿಗಿಂತ ಎತ್ತರದ ಮಡಿಕೇರಿ ಸುತ್ತಮುತ್ತ ಮತ್ತು ಪುಷ್ಪಗಿರಿಯ ಕಡೆಯ ಎತ್ತರದ ಮನೆಗಳವರು ಪ್ರಯತ್ನಿಸಬಹುದು. ಸುಮಾರು 830 ಮೀಟರ್ ಎತ್ತರದ ಕುಶಾಲನಗರದ ಬಯಲಿನವರಿಗೆ ಕುಂಡದಲ್ಲಿ ನೋಡಿ ಸಂತೋಷಪಡುವುದೇ ಲೇಸು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಕಾಫಿಯ ನಡುವೆ ನೆರಳಿನ ಮರವಾಗಿ ಇದನ್ನು ನೆಡಬಾರದು. ಚಳಿಗಾಲದಲ್ಲಿ ಎಲೆ ಉದುರಿಸುವುದು ಇದರ ಸ್ವಭಾವ, ಕಾಫಿಗೆ ನೆರಳು ಅತ್ಯಗತ್ಯವಾಗುವುದು ಆ ಬಳಿಕದ ಒಣ ತಿಂಗಳುಗಳಲ್ಲಿ. ಆ ಕೆಲಸಕ್ಕೆ ನಮ್ಮ ಅತ್ತಿ, ಹಾಲುವಾಣಗಳು ಇವೆ. ದೇವರಕಾಡಿನ ಅಂಚಿಗಾಗಲಿ, ಕಾಡಿನ ಮಗ್ಗುಲಿಗಾಗಲಿ ಹೊರಗಿನ ಮರವನ್ನು ಒಯ್ಯಬೇಡಿ. ಮನೆಯಂಗಳದಲ್ಲಿ, ಗೋಡೆಯಿಂದ ಕನಿಷ್ಠ ಹತ್ತು ಮೀಟರ್ ದೂರದಲ್ಲಿ ನೆಡಬೇಕು, ಏಕೆಂದರೆ ಬೆಳೆದ ಮರ 30 ಮೀಟರ್ ಎತ್ತರಕ್ಕೂ ಹೋಗಬಲ್ಲದು.

ಕೈಲ್ ಪೊಳ್ದ್ ಕಳೆದು ಮಳೆ ಹಿಮ್ಮೆಟ್ಟಿದ ಮೇಲೆ, ಸೆಪ್ಟೆಂಬರ್ ನಡುಭಾಗದಿಂದ ಅಕ್ಟೋಬರ್ ಮೊದಲ ವಾರದೊಳಗೆ ನೆಡುವುದು ಉತ್ತಮ. ಕಾಫಿಗೆ ತೆಗೆಯುವ ಒಂದೂವರೆ ಅಡಿ ಗುಂಡಿ ಸಾಲದು, ಎರಡು ಅಡಿ ಆಳ ಅಗಲದ ಗುಂಡಿ ತೋಡಿ. ಇಳಿಜಾರಿನಲ್ಲಿ ಗುಂಡಿಯ ಕೆಳಬದಿಯಲ್ಲಿ ನೀರು ಬಸಿಯಲು ಒಂದು ಸಣ್ಣ ಕಾಲುವೆ ಬಿಡಿ. ಚೀಲವನ್ನು ಉದ್ದಕ್ಕೆ ಸೀಳಿ, ಮಣ್ಣಿನ ಗಡ್ಡೆ ಒಡೆಯದಂತೆ ಇಳಿಸಿ, ಬುಡವನ್ನು ಸುತ್ತಲಿನ ನೆಲಕ್ಕಿಂತ ಎರಡು ಬೆರಳು ಎತ್ತರವಾಗಿಯೇ ಉಳಿಸಿ. ಗುಂಡಿಯಲ್ಲಿ ಬುಡ ತಗ್ಗಾದರೆ ಮುಂದಿನ ಮುಂಗಾರಿನಲ್ಲಿ ಅಲ್ಲಿ ನೀರು ನಿಲ್ಲುತ್ತದೆ. ಜನವರಿಯಿಂದ ಮುಂಗಾರಿನವರೆಗೆ ಮೊದಲ ಮೂರು ವರ್ಷ ದರಗೆಲೆಯ ಹೊದಿಕೆ ಮತ್ತು ವಾರಕ್ಕೆರಡು ಬಾರಿ ನೀರು ತಪ್ಪಿಸಬಾರದು.

## ಎಚ್ಚರಿಕೆಯ ಲಕ್ಷಣಗಳು

ಎಲೆ ಉದುರಿದ ಗಿಡವನ್ನು ಸತ್ತಿತೆಂದು ಕಿತ್ತು ಎಸೆದವರು ಹಲವರು. ನವೆಂಬರದಿಂದ ಫೆಬ್ರವರಿಯೊಳಗೆ ಎಲೆ ಹಳದಿಯಾಗಿ ಬಿದ್ದರೆ ಮೊದಲು ಕಾಂಡದ ತೊಗಟೆಯನ್ನು ಉಗುರಿನಿಂದ ಮೆಲ್ಲನೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಗಿಡ ನಿದ್ರಿಸುತ್ತಿದೆ, ನೀರನ್ನು ಸ್ವಲ್ಪ ಕಡಿಮೆ ಮಾಡಿ ಕಾಯಿರಿ. ಮೊಗ್ಗು ಕೊಬ್ಬಿ ಹೊಳೆಯುತ್ತಿದ್ದರೆ ಆತಂಕವೇ ಬೇಡ.

ಮಳೆಗಾಲದ ನಡುವೆ, ಮಣ್ಣು ಒದ್ದೆಯಿರುವಾಗಲೇ ಎಲೆ ಜೋತುಬಿದ್ದರೆ ಅದು ಬೇರು ಕೊಳೆಯುತ್ತಿರುವ ಸೂಚನೆ. ಬಾಡಿತೆಂದು ಇನ್ನಷ್ಟು ನೀರು ಹಾಕಿದರೆ ಗಿಡ ಮುಗಿಯುತ್ತದೆ. ಚೀಲವನ್ನು ಕೂಡಲೇ ಒಣ ಮರಳಿನ ರಾಶಿಯ ಮೇಲೆ ಇಟ್ಟು ಬಸಿಯಲು ಬಿಡಿ. ಬುಡದ ಹತ್ತಿರ ತೊಗಟೆ ಕಪ್ಪಾಗಿ ಒಳಕ್ಕೆ ಕುಸಿದಿದ್ದರೆ ಅಥವಾ ತುಕ್ಕಿನ ಬಣ್ಣದ ಅಂಟು ಸೋರುತ್ತಿದ್ದರೆ ಆ ಗಿಡವನ್ನು ಉಳಿಸುವ ಯತ್ನ ಬೇಡ. ಮಣ್ಣಿನ ಸಮೇತ ಬೇರೆಯವುಗಳಿಂದ ದೂರ ಒಯ್ದು ಸುಟ್ಟು, ಬಳಸಿದ ಚಾಕು ಕತ್ತಿಗಳನ್ನು ಸ್ಪಿರಿಟ್ಟಿನಿಂದ ಒರೆಸಬೇಕು.

ಎಲೆಯ ಅಂಚು ಮಾತ್ರ ಕಂದಾಗಿ ನಡುಭಾಗ ಹಸಿರಾಗಿದ್ದರೆ ಅದು ಬಿಸಿಲು ಗಾಳಿಯ ಹೊಡೆತ, ರೋಗವಲ್ಲ.

## ಬೀಜದ ಬಳಕೆ: ಸಂಶೋಧನೆ ಹೇಳುವುದು ಮತ್ತು ಮನೆಯಲ್ಲಿ ಮಾಡಬಾರದ್ದು

ಸಸಿ ಮಾಡಲು ಸೋತವರಿಂದ ಆಮೇಲೆ ಬರುವ ಎರಡನೆಯ ಪ್ರಶ್ನೆ ನನ್ನನ್ನು ಹೆಚ್ಚು ಕಳವಳಗೊಳಿಸುತ್ತದೆ: ‘ಕಾಲಿನ ನರ ಉಬ್ಬಿದ್ದಕ್ಕೆ ಇದು ಒಳ್ಳೆಯದಂತೆ, ಉಳಿದ ಬೀಜವನ್ನು ಪುಡಿ ಮಾಡಿ ಕುಡಿಯಬಹುದೇ?’ ಕುಡಿಯಬಾರದು.

ಸಂಶೋಧನೆ ನಡೆದಿರುವುದು ನಿಜ, ಅದೂ ಗಟ್ಟಿಯಾದ ಸಂಶೋಧನೆ. ಯುರೋಪಿನ ಹಾರ್ಸ್ ಚೆಸ್ಟ್‌ನಟ್ ಬೀಜದ ಸಾರದ ಮೇಲೆ ನಡೆದ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ, ಕಾಲಿನ ರಕ್ತನಾಳಗಳ ದೀರ್ಘಕಾಲದ ದುರ್ಬಲತೆಯಿಂದ ಬರುವ ನೋವು, ಬಾವು, ತುರಿಕೆಗಳನ್ನು ಈ ಸಾರ ಅಲ್ಪಾವಧಿಯಲ್ಲಿ ಕಡಿಮೆ ಮಾಡುತ್ತದೆ ಎಂಬ ನಿಲುವಿಗೆ ಬಂದಿತು. ಆದರೆ ಆ ಪ್ರಯೋಗಗಳು ಎರಡರಿಂದ 16 ವಾರಗಳಷ್ಟೇ ನಡೆದವು, ಮತ್ತು ಅಲ್ಲಿ ಕೊಟ್ಟದ್ದು ಹಸಿ ಪುಡಿಯನ್ನಲ್ಲ. ಏಸಿನ್ ಎಂಬ ಸಪೋನಿನ್ ಮಿಶ್ರಣದ ಪ್ರಮಾಣವನ್ನು ಅಳೆದು ನಿಗದಿಪಡಿಸಿದ, ವಿಷಕಾರಿಯಾದ ಎಸ್ಕ್ಯುಲಿನ್ ಅಂಶವನ್ನು ತೆಗೆದ, ಕಾರ್ಖಾನೆಯಲ್ಲಿ ತಯಾರಾದ ಸಾರವನ್ನು. ಹಸಿ ಬೀಜ, ಎಲೆ, ತೊಗಟೆ, ಹೂವು ಯಾವುದನ್ನು ಸೇವಿಸಿದರೂ ವಾಂತಿ, ಭೇದಿ, ನಿಶ್ಶಕ್ತಿ, ಹೆಚ್ಚಾದರೆ ಅದಕ್ಕಿಂತ ಗಂಭೀರ ತೊಂದರೆಗಳು ಬರಬಹುದು.

ಕಕ್ಕಡದ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಉಣ್ಣುವ ನಮಗೆ ಗಿಡದ ಮದ್ದಿನ ಮೇಲೆ ಸಹಜವಾದ ನಂಬಿಕೆಯಿದೆ. ಮದ್ದು ಸೊಪ್ಪನ್ನು ಯಾವ ದಿನ, ಹೇಗೆ ಬೇಯಿಸಬೇಕೆಂದು ತಲೆಮಾರುಗಳಿಂದ ಅರಿತ ಕೈಗಳು ನಮ್ಮ ಮನೆಗಳಲ್ಲಿವೆ. ಬನಖೋರಿನ ವಿಷಯದಲ್ಲಿ ಆ ಅರಿವು ಇರುವುದು ಹಿಮಾಲಯದ ಹಳ್ಳಿಗಳಲ್ಲಿ. ಅಲ್ಲಿ ಕೆಲವೆಡೆ ಬೀಜವನ್ನು ಸುಲಿದು, ಕತ್ತರಿಸಿ, ಹರಿವ ನೀರಿನಲ್ಲಿ ದಿನಗಟ್ಟಲೆ ಕಹಿ ತೊಳೆದು, ಒಣಗಿಸಿ ಹಿಟ್ಟು ಮಾಡುತ್ತಾರೆ. ಕಣಿಲೆಯನ್ನು (ಎಳೆ ಬಿದಿರಿನ ಮೊಳಕೆಯನ್ನು) ದಿನವೂ ನೀರು ಬದಲಾಯಿಸಿ ನೆನೆಸಿಡುವ ನಮ್ಮ ಪದ್ಧತಿಗೂ ಇದಕ್ಕೂ ಹೋಲಿಕೆ ಕಾಣುತ್ತದೆ, ಆದರೆ ಕಣಿಲೆಯ ಲೆಕ್ಕವನ್ನು ಇಲ್ಲಿಗೆ ಹಾಕಬಾರದು. ಎರಡರ ವಿಷವೂ ಬೇರೆ, ತೊಳೆಯಬೇಕಾದ ಅವಧಿಯೂ ಬೇರೆ.

ಕಾಲು ಬಾವಿಗೆ ಮಾತ್ರೆ ತೆಗೆದುಕೊಳ್ಳಬೇಕೆಂದರೆ ವೈದ್ಯರನ್ನು ಕೇಳಿದ ಮೇಲೆಯೇ ತೆಗೆದುಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ ಇರುವವರು, ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ತಾವಾಗಿ ಶುರು ಮಾಡಲೇಬಾರದು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿಕೊಂಡು, ಬಿಸಿಯಾಗಿ, ಮೀನಖಂಡ ನೋಯತೊಡಗಿದರೆ ಅದು ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಲಕ್ಷಣವಾಗಿರಬಹುದು. ಆಗ ಯಾವ ಬೀಜದ ಸಾರಕ್ಕೂ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಸಿರಾಟಕ್ಕೆ ಕಷ್ಟವಾದರೆ ಒಂದು ಗಳಿಗೆಯೂ ತಡ ಮಾಡುವಂತಿಲ್ಲ.

ನೊರೆಗಾಗಿ, ಬಟ್ಟೆ ತೊಳೆಯಲು ಇದರ ಬೀಜ ಬಳಸಬಹುದೇ ಎಂದು ಕೇಳುವವರೂ ಇದ್ದಾರೆ. ಯುರೋಪಿನಲ್ಲಿ ಬಳಸುತ್ತಾರೆ. ಅಂಟುವಾಳ ಸಿಗುವ ನಾಡಿನಲ್ಲಿ ಅಷ್ಟು ದೂರದಿಂದ ಜೋಪಾನವಾಗಿ ತಂದ ಬೀಜವನ್ನು ಅದಕ್ಕಾಗಿ ಅರೆಯುವ ಅಗತ್ಯ ನನಗೆ ಕಾಣುವುದಿಲ್ಲ.

ಕೊನೆಗೆ, ಬಿತ್ತಿ ಉಳಿದ ಮತ್ತು ಕೆಟ್ಟ ಬೀಜಗಳನ್ನು ಅಂಗಳದಲ್ಲಿ ಬಿಸಾಡದೆ ಒಂದು ಮೊಳ ಆಳದ ಗುಂಡಿಯಲ್ಲಿ ಹೂತುಬಿಡಿ. ಚೆಂಡಿನಂತೆ ಉರುಳುವ ಈ ಬೀಜವನ್ನು ನಾಯಿ ಆಟಕ್ಕೆಂದು ಕಚ್ಚಿ ನುಂಗಿದರೆ ವಾಂತಿಯಾಗುತ್ತದೆ, ಕರುಳಿನಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ಹಾಗಾದಾಗ ಪಶುವೈದ್ಯರಿಗೆ ತೋರಿಸಲು ಅದೇ ಬಗೆಯ ಒಂದು ಬೀಜವನ್ನು ಜೊತೆಗೆ ಒಯ್ಯಿರಿ.